ಹ

ಅಂಗೈಯನ್ನು ಬಾಯ ಮುಂದೆ ಹಿಡಿ,
ಬಿಸಿ ತಾಗಿದರೆ ಅದು ಹ.
ಜಯಶೀಲಾ ಮಿಸ್ಸು ಒಂದನೇ ಕ್ಲಾಸಿಗೆ ಹೇಳಿಕೊಟ್ಟು
ಮನೆಯಲ್ಲೂ ಮಾಡಿಸಿ ಎಂದು ಚೀಟಿ ಕಳಿಸಿದ್ದಾರೆ.

ನನಗೆ ಬರೆಯಲು ಬರುತ್ತದೆ ಹ.
ಬಾಯಿಗೆ ಬರುವುದಿಲ್ಲ.
ಬಸರಾಳಿನ ನಮ್ಮ ಬೀದಿಯಲ್ಲಿ ಯಾರ ಬಾಯಿಗೂ.

ತನುಜ ಮುದ್ದೆಯನ್ನು ಊದುವುದಿಲ್ಲ ಈಗ,
ಬಾಯಗಲಿಸಿ ಆರಿಸುತ್ತಾಳೆ: ಹ, ಹ.
ಕನ್ನಡಿಗೆ ಉಸಿರು ಹಿಡಿಸಿ
ಆ ಮಸುಕಿನಲ್ಲೇ ಬೆರಳಾಡಿಸುತ್ತಾಳೆ.
ಹೊಟ್ಟೆ ತಿದ್ದುವಷ್ಟರಲ್ಲಿ ತಲೆಕಟ್ಟು ಮಾಯ.

"ಆವು ಅಲ್ಲ ಕಣವ್ವ, ಹಾವು.
ನೀನೂ ಯೋಳು."
ಹೇಳಿದೆ. ಕೆಮ್ಮು ಬಂತು.

ಸಂಜೆ ಡೇರಿಯಲ್ಲಿ ಕ್ಯಾನು ಇಳಿಸುತ್ತ
ಧೈರ್ಯ ಮಾಡಿ "ಹಾಲು" ಅಂದೆ.
ಸೆಕ್ರೆಟರಿ ಕಾಳೇಗೌಡ ಲೆಕ್ಕದಿಂದ ತಲೆಯೆತ್ತಿ
"ಯಾಕಮ್ಮ, ಉಬ್ಬಸವಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು, ಹಹ್ಹಹ್ಹ,
ಅಷ್ಟೊಂದು ಹ,
ಒಂದೂ ತಪ್ಪಿಲ್ಲದೆ.

ಕೊಟ್ಟಿಗೆಯಲ್ಲಿ ಮಾತ್ರ ಪಾಠ ಮುಂದೆ ಹೋಗಲಿಲ್ಲ.
"ಹೊನ್ನೀ" ಎಂದು ಕೂಗಿದಳು ಮಗಳು, ಅಂಗೈ ಹಿಡಿದೇ.
ಹಸು ಕಿವಿ ಕೂಡ ಆಡಿಸಲಿಲ್ಲ.
ಅತ್ತ ಇತ್ತ ನೋಡಿ, ಮಿಸ್ಸಿಗೆ ಕೇಳಿಸದ ಹಾಗೆ,
"ಒನ್ನೀ..."

ತಿರುಗಿತು.