ಎರಡನೇ ಕರಡು

ಶುಕ್ರವಾರದೊಳಗೆ ಪ್ರಸ್ತಾವನೆ ಕೊಡಬೇಕು:
ವಿಷಯ, ಓದುಗ, ವ್ಯಾಪ್ತಿ, ವೇಳಾಪಟ್ಟಿ.
ಒಂದೂವರೆ ಪುಟ ಮೀರಬಾರದು.
ತಾಂತ್ರಿಕ ಬರವಣಿಗೆಯ ತರಗತಿಯಲ್ಲಿ ನಾವು ಹದಿನೇಳು ಜನ,
ಹನ್ನೆರಡು ಮಂದಿ ಯಾವುದೋ ಆ್ಯಪಿನ ಬಗ್ಗೆ ಬರೆಯುತ್ತಾರೆ.
ನಾನು ಬರೆದೆ: ಬೈತಖೋಲ ಬಂದರಿನ ಐಸ್ ಪ್ಲಾಂಟಿಗೆ
ಕನ್ನಡದಲ್ಲೊಂದು ಕೈಪಿಡಿ.
ಅಮೋನಿಯಾ ಸೋರಿದರೆ ಏನು ಮಾಡಬೇಕು.
ಅಂದಾಜು ನಲವತ್ತು ಪುಟ.

ಅರ್ಗೇಕರ ಸರ್ ಓದಿದರು,
ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ಓದಿದರು.
ಅಂಚಿನಲ್ಲಿ ಕೆಂಪು ಶಾಯಿ:
'ಸಾರ್ವಜನಿಕರು' ಎಂದರೆ ಯಾರೂ ಅಲ್ಲ.
ಹೋಗಿ ನೋಡಿ ಬಾ.

ಅದಕ್ಕೂ ಮುಂಚೆ, ಕಾಜುಬಾಗದ ಕೋಣೆಯಲ್ಲಿ,
ಎರಡು ರಾತ್ರಿ ಕೂತು ಚೌಕಗಳಿಗೆ ಬಣ್ಣ ತುಂಬಿದ್ದೆ.
ಮೊದಲ ವಾರ ಹಳದಿ, ಮಾಹಿತಿ ಸಂಗ್ರಹ.
ಆಮೇಲೆ ಹಸಿರು, ಆಮೇಲೆ ನೀಲಿ.
ಕಾಗದದ ಮೇಲೆ ಕೆಲಸ ಎಷ್ಟು ಚೆಂದ!
ಯಾರಿಗೂ ಜ್ವರವಿಲ್ಲ, ಕರೆಂಟು ಹೋಗುವುದಿಲ್ಲ,
ಕೇಳಿದವರೆಲ್ಲ ಕೇಳಿದ ದಿನವೇ ಉತ್ತರಿಸುತ್ತಾರೆ.

ಚೂಡಾಮಣಿ ಹರಿಕಂತ್ರ ಉತ್ತರಿಸಲಿಲ್ಲ.
ಆಗಸ್ಟಿನ ಮೊದಲ ವಾರ, ಬೋಟುಗಳೆಲ್ಲ ಒಮ್ಮೆಗೇ ಇಳಿಯುವ ಹೊತ್ತು.
ಉಪ್ಪುನೀರಿನ ತೊಟ್ಟಿಯಿಂದ ಡಬ್ಬ ಎತ್ತುತ್ತ
ಗೋಡೆಯ ಮೊಳೆಯತ್ತ ಗದ್ದ ತೋರಿಸಿದ:
ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಇಂಗ್ಲಿಷ್ ಕೈಪಿಡಿ,
'ತೊಂದರೆ ಮತ್ತು ಪರಿಹಾರ'ದ ಎಂಟು ಪುಟ ಇಲಿ ತಿಂದಿದೆ,
ಉಳಿದ ಅಂಚುಗಳ ತುಂಬ ಐಸಿನ ಲೆಕ್ಕ.
ಜಲಪದ್ಮಾ ಮೂವತ್ತು. ಜಲಪದ್ಮಾ ಇಪ್ಪತ್ತೆರಡು, ಬಾಕಿ.

ಚಹಾ ಬಂದ ಮೇಲೆ ಕೂತ.
"ಓದೂಕೆ ಬತ್ತದೆ ತಂಗಿ, ಏಳನೇ ಕ್ಲಾಸು ನಾನು.
ಆದ್ರೆ ಅದು ಸೋರೂವಾಗ ಕಣ್ಣು ಬಿಡೂಕೇ ಆಗೂದಿಲ್ಲ.
ನಿನ್ನ ನಲವತ್ತು ಪುಟ ಆಗ ಯಾರು ಓದೂದು?"

ನನ್ನ ಪೆನ್ನು ಅಲ್ಲೇ ನಿಂತಿತು.
ಅವನು ಎದ್ದ. ಹೆಗಲ ಟವೆಲನ್ನು ನೀರಿಗದ್ದಿ
ಮೂಗಿಗೆ ಕಟ್ಟಿದ. ಕಣ್ಣು ಮುಚ್ಚಿದ.
ಗೋಡೆಗೆ ಎಡಗೈ. ಹನ್ನೊಂದು ಹೆಜ್ಜೆ.
ಮೊಣಕಾಲಿಗೆ ಪೈಪು ತಾಗಿದಲ್ಲಿ ನಿಂತ.
ಹಗ್ಗದ ಗಂಟು ಕಟ್ಟಿದ ಚಕ್ರವೊಂದನ್ನು ಹಿಡಿದು
"ಬಲಕ್ಕೆ," ಅಂದ ಬಟ್ಟೆಯೊಳಗಿಂದ, "ಸಾಕು ಅನ್ನೂವರೆಗೆ ಅಲ್ಲ,
ಅದೇ ಸಾಕು ಅನ್ನೂವರೆಗೆ."
ಬಾಗಿಲಾಚೆ ಬಂದು ಕಣ್ಣು ಬಿಟ್ಟು ಮೇಲೆ ನೋಡಿದ.
ಅಲ್ಲಿ ಹರಿದ ಬಲೆಯ ಒಂದು ತುಂಡು ತೂಗುತ್ತಿತ್ತು.
ಅದು ಎತ್ತ ಹಾರುತ್ತದೋ ಅತ್ತ ಓಡಬಾರದು.

ಅವತ್ತು ಅದು ಕಿಟಕಿಯ ಕಡೆಗೆ ಹಾರುತ್ತಿತ್ತು.
ಕಿಟಕಿಯ ಕೆಳಗೆ ಸಿಗಡಿ ಸುಲಿಯುವ ಏಳು ಹೆಂಗಸರು.
ಇವರಿಗೆ ಯಾರು ಹೇಳುತ್ತಾರೆ? ಕೇಳಿದೆ.
"ಡಬ್ಬ ಬಡಿತೆ."
ಶೇವಂತಿಬಾಯಿ ಸಿಗಡಿಯಿಂದ ಕಣ್ಣೆತ್ತದೆ ನಕ್ಕಳು:
"ಡಬ್ಬ ಇಲ್ಲಿ ದಿನಾ ಬಡೀತದೆ."
ಹಂಗಾಮಿಗೆ ಬಂದ ಲಖಿಂದರನೂ ನಕ್ಕ,
ಜಾರ್ಖಂಡದವನು, ಬಂದು ಒಂಬತ್ತು ದಿನ.
ಅವನಿಗೆ ಯಾವ ಮಾತೂ ತಿಳಿದಿರಲಿಲ್ಲ.

ಎರಡನೇ ಕರಡು, ಗುರುವಾರ ರಾತ್ರಿ.
'ಕನ್ನಡದಲ್ಲೊಂದು ಕೈಪಿಡಿ' ಹೊಡೆದುಹಾಕಿದೆ.
ಓದುಗರು: ಚೂಡಾಮಣಿಗೆ ರಜೆ ಇರುವ ದಿನದ ಲಖಿಂದರ್.
ಕಿಟಕಿಯ ಕೆಳಗಿನ ಏಳು ಮಂದಿ, ಹೆಸರು ಸಮೇತ.
ವ್ಯಾಪ್ತಿ: ಹನ್ನೊಂದು ಹೆಜ್ಜೆ.
ಸಾಮಗ್ರಿ: ಗೋಡೆಗುಂಟ ಕಟ್ಟಲು ನೈಲಾನ್ ಹಗ್ಗ,
ಡಬ್ಬವಲ್ಲದ ಒಂದು ಗಂಟೆ, ನಾಲ್ಕು ಚಿತ್ರ.
ಪದಗಳು: ಸಾಧ್ಯವಾದಷ್ಟು ಕಡಿಮೆ.
ಇದು ಬರವಣಿಗೆಯೇ ಎಂದು ಸರ್ ಕೇಳಬಹುದು.
ಉತ್ತರ ಇನ್ನೂ ಹೊಳೆದಿಲ್ಲ.

ಹನ್ನೊಂದೂವರೆಗೆ ಓಣಿಗೆ ಬಂದು
ಗೋಡೆಗೆ ಎಡಗೈಯಿಟ್ಟು ಕಣ್ಣು ಮುಚ್ಚಿ ನಡೆದೆ.
ಒಂಬತ್ತನೇ ಹೆಜ್ಜೆಗೆ ಪಕ್ಕದ ಕೋಣೆಯವರ ಬಕೆಟ್ಟು.
ಯಾರೋ ಒಳಗಿನಿಂದ ಬೈದರು.
ದೀಪ ಹಾಕಿ, ಅಡಿಯಲ್ಲಿ ಸೇರಿಸಿದೆ:
ಹೆಜ್ಜೆ ಸೊನ್ನೆ. ದಾರಿಯಲ್ಲಿ ಏನೂ ಇಡಬೇಡಿ.