ನೀರ್ಗನ್ನಡಕ

ಅಡುಗೆಮನೆಯ ಮೊಳೆಗೆ, ಕುಕ್ಕರಿನ ಹಳೇ ಗ್ಯಾಸ್ಕೆಟ್ಟಿನ ಪಕ್ಕ
ಜೋತುಬಿದ್ದಿದೆ ಕದಮತ್ ದ್ವೀಪದಿಂದ ತಂದ ನೀರ್ಗನ್ನಡಕ.
ಎರಡರದೂ ಒಂದೇ ಕಸುಬು ಅನ್ನುತ್ತೇನೆ ಕೇಳಿದವರಿಗೆ:
ಒಳಗಿನದನ್ನು ಒಳಗೇ, ಹೊರಗಿನದನ್ನು ಹೊರಗೇ
ಇಟ್ಟುಕೊಳ್ಳುವುದು.

ಹಾಸನ ಡಿಪೋದ ಕ್ಯಾಶ್ ಸೆಕ್ಷನ್ನಿನಲ್ಲಿ ಇಪ್ಪತ್ತಾರು ವರ್ಷ
ಕಂಡಕ್ಟರುಗಳ ಚಿಲ್ಲರೆ ಎಣಿಸಿದವಳು.
ಎಲ್‌ಟಿಸಿ ಸುಮ್ಮನೆ ಕೊಳೆಯುತ್ತದಲ್ಲ ಎಂದು
ಕೊಚ್ಚಿಯಲ್ಲಿ ಹಡಗು ಹತ್ತಿದೆವು,
ನಾನೂ ಆಡಿಟ್ಟಿನ ರುಕ್ಸಾನಾ ಮೇಡಮ್ಮೂ.
ಎರಡು ದಿನ ಬರೀ ವಾಂತಿ.
ಮೂರನೆಯ ಬೆಳಿಗ್ಗೆ ಸಣ್ಣ ದೋಣಿಗೆ ಇಳಿಸಿ
ದ್ವೀಪದ ಹುಡುಗನೊಬ್ಬ ಮುಖಕ್ಕೆ ಗಾಜು ಬಿಗಿದ,
ಬಾಯಿಗೆ ಕೊಳವೆ ಕಚ್ಚಿಸಿದ,
ಮೂಗನ್ನು ಮರೆತುಬಿಡಿ ಅಮ್ಮ, ಅಂದ.

ಮರೆತೆ.
ಮುಖವೂರಿದೆ.

ಎಂಥ ನಾಚಿಕೆಗೆಟ್ಟ ನೀರು!
ತಳದವರೆಗೂ ಬಟಾಬಯಲು.
ಹವಳದ ಕೊಂಬೆ, ಕೊಂಬೆಯ ಬುಡದ ಮರಳು,
ಮರಳ ಮೇಲೆ ಲೈಫ್ ಜಾಕೆಟ್ಟು ತೊಟ್ಟ ನನ್ನದೇ ನೆರಳು,
ಒಳ್ಳೇ ಆಮೆ.
ಹತ್ತು ರೂಪಾಯಿ ನಾಣ್ಯದಂಥ ಮೀನು,
ನಡುವೆ ಬೆಳ್ಳಿ, ಸುತ್ತ ಹಳದಿ,
ಚೀಲ ಹರಿದು ಚೆಲ್ಲಿದ ಹಾಗೆ ನೂರು, ಆರುನೂರು...
ಎಣಿಸಹೋಗಿ ಲೆಕ್ಕ ತಪ್ಪಿತು.
ಯಾರೂ ಮೆಮೊ ಕೊಡಲಿಲ್ಲ.

ನನಗೆ ಗೊತ್ತಿದ್ದ ನೀರು ಇಂಥದಲ್ಲ.
ಗೊರೂರು ಅಣೆಯ ಹಿನ್ನೀರು, ಹಾಲು ಕಮ್ಮಿ ಬಿದ್ದ ಚಹಾ,
ಮೊಣಕಾಲು ಇಳಿಸಿದರೆ ಪಾದ ನಮ್ಮದಲ್ಲ.
ನಾನು ಎರಡನೇ ಕ್ಲಾಸಿನಲ್ಲಿದ್ದಾಗ
ಸ್ಲೇಟು ಒರೆಸಿದಷ್ಟು ಮೆತ್ತಗೆ
ನಮ್ಮೂರಿನ ಮೇಲೆ ಬಂದು ಕೂತದ್ದು
ಕೆಳಗೆ ಏನಿಟ್ಟುಕೊಂಡಿದ್ದೇನೆಂದು
ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಅದಕ್ಕೇ ನಾನೂರೈವತ್ತು ಕೊಟ್ಟು ಇದನ್ನು ಕೊಂಡೆ.
ಚೌಕಾಸಿ ಮಾಡಲಿಲ್ಲ, ರುಕ್ಸಾನಾ ಗಾಬರಿಯಾದರು.

ಮಾರ್ಚಿನ ಒಂದು ಭಾನುವಾರ, ಪೂಜೆ ಮುಗಿಸಿ
ಶೆಟ್ಟಿಹಳ್ಳಿ ಬಸ್ಸು.
ಮುರಿದ ಚರ್ಚಿನ ಮುಂದೆ ಮದುವೆಗೆ ಮುಂಚಿನ ಫೋಟೋ,
ಹುಡುಗಿಯ ಗೌನು ಕೆಸರಿಗೆ ತಾಗದಂತೆ ಹಿಡಿದ ಇಬ್ಬರು,
ಮೇಲೆ ಗುಯ್ಗುಡುವ ಡ್ರೋನು.
ಆಚೆ ಚೌರಪ್ಪ ಹರಿಗೋಲು ತಿರುಗಿಸುತ್ತ ಕಾಯುತ್ತಿದ್ದ.
ಚರ್ಚಿನ ಕಮಾನಿಗೂ ದಿಬ್ಬದ ಆಲಕ್ಕೂ ಕಣ್ಣಲ್ಲೇ ಗೆರೆ ಎಳೆದು,
ಇಲ್ಲೇ ಸೆಲಿನಕ್ಕ, ನಿಮ್ಮ ಹಿತ್ಲು.
ಒಂಚೂರು ಆ ಕಡೆ ನಮ್ಮದು.

ಬಿದಿರಂಚಿಗೆ ಎದೆಯೊತ್ತಿ ಬಗ್ಗಿದೆ.
ಹಸಿರು. ಹಸಿರಿನ ಹಿಂದೆ ಇನ್ನಷ್ಟು ಹಸಿರು.
ಮೊಳಕೈವರೆಗೆ ನನ್ನ ಕೈ,
ಆಮೇಲೆ ಕೈಯೂ ಇಲ್ಲ.
ಕೊಳವೆಯಲ್ಲಿ ಮಾತ್ರ ಕದಮತ್ತಿನಲ್ಲಿ ಕೇಳಿದ ಅದೇ ಉಸಿರು,
ಪಕ್ಕದ ಕೋಣೆಯಲ್ಲಿ ಯಾರೋ ದೊಡ್ಡವರು
ಮಲಗಿರುವ ಹಾಗೆ.

ಏನ್ ಕಾಣ್ತು?
ಏನಿಲ್ಲ ಕಣೋ.
ಕೊಡಿ ಇಲ್ಲಿ.

ಅಂಗಿಯ ಬೆನ್ನು ಬಿಸಿಲಿಗೆ ಕೊಟ್ಟು ಚೌರಪ್ಪ ಮುಖವಿಳಿಸಿದ.
ಹರಿಗೋಲು ತಾನೇ ಒಂದು ಸುತ್ತು ತಿರುಗಿತು.
ಕೂತವಳಿಗೆ ಅಭ್ಯಾಸ, ಎಣಿಸತೊಡಗಿದೆ:
ನಲವತ್ತು. ನೂರ ಹತ್ತು. ಮುನ್ನೂರು.
ಅವರ ಮನೆ ನಮ್ಮದಕ್ಕಿಂತ ತಗ್ಗಿನಲ್ಲಿತ್ತು.
ಮೊದಲು ಒದ್ದೆಯಾದದ್ದು ಅವರ ಹೊಸಿಲು.

ಎದ್ದ. ಕೊಳವೆ ಉಗುಳಿದ.
ಜಿಲೇಬಿ ಮೀನು ಅವೆ ಕಣಕ್ಕ, ರಾಶಿ.
ಬಲೆ ತರ್ಬೇಕಿತ್ತು.
ನನ್ನ ಕೈಯೇ ನನಗೆ ಕಾಣದಲ್ಲಿ
ಅವನಿಗೆ ಮೀನು ಹೇಗೆ ಕಂಡಿತೋ, ಕೇಳಲಿಲ್ಲ.
ಗಾಜು ಕಳಚಿ ತೋಳಿನಿಂದ ಮುಖವೊರೆಸಿ, ಮತ್ತೆ ಒರೆಸಿ,
ಇದರ ವಾಷರು ಸರಿಯಿಲ್ಲ, ಒಳಕ್ಕೆ ನೀರು ಬರ್ತದೆ,
ಯಾರೋ ಟೋಪಿ ಹಾಕವ್ರೆ ನಿಮಗೆ, ಅಂದ.

ಮನೆಗೆ ಬಂದು ಬಚ್ಚಲಲ್ಲಿ ಬಕೆಟ್ಟು ತುಂಬಿ
ತೊಟ್ಟು, ಮುಖವಿಟ್ಟು ನೋಡಿದೆ.
ಒಂದು ಹನಿ ಸೋರಲಿಲ್ಲ.
ತಳದಲ್ಲಿ ಒತ್ತಿದ್ದ ಕಂಪನಿಯ ಹೆಸರಿನವರೆಗೂ
ಎಲ್ಲ ಕಂಡಿತು.