ಚಿಟಿಕೆ ಅರಳಿ

ಗಣೇಶಪೇಟೆಯ ಅಂಗಡಿಯಲ್ಲಿ ಅಪ್ಪ ಗಾದಿಗೆ ಅರಳಿ ಹಿಂಜುತ್ತಿದ್ದ.
ಬಿಲ್ಲಿನ ನರಕ್ಕೆ ಕೊಡತಿ ಬಿದ್ದಾಗಲೆಲ್ಲ
ಢಂಯ್ ಎಂದು ಎದ್ದ ದನಿ
ಅಲ್ಲೇ ರಾಶಿಯೊಳಗೆ ಮಲಗಿಬಿಡುತ್ತಿತ್ತು.
ಎಲ್ಲ ಸದ್ದಿಗೂ ಅರಳಿಯೇ ಮದ್ದು
ಎಂದು ನಂಬಿ ಬೆಳೆದವಳು ನಾನು.

ಅದಕ್ಕೇ, ದ್ಯಾಮಣ್ಣ ಬಾರಕೇರ ತನ್ನ ಮಿನಿ ಲಾರಿಯನ್ನು
ಗೋಕುಲ ರೋಡಿನ ನಮ್ಮ ಶೆಡ್ಡಿನ ಮುಂದೆ ನಿಲ್ಲಿಸಿ
"ತಂಗಿ, ಇದು ಕಿವಿಗೆ ಹತ್ತೂದಿಲ್ಲ, ಎದಿಗೆ ಹತ್ತತೈತಿ,
ಅಣ್ಣಿಗೇರಿ ದಾಟೂದ್ರಾಗ ಹಲ್ಲೆಲ್ಲ ಸಡ್ಲ ಆದಂಗ" ಎಂದಾಗ
ಮೊದಲು ಮೆತ್ತನೆಯದನ್ನೇ ತುಂಬಿದೆ:
ಬಾಗಿಲ ಪೊಳ್ಳಿಗೆ ಅರಳಿ,
ಬಾನೆಟ್ಟಿನ ಕೆಳಗೆ ಫೋಮು, ಅದರ ಮೇಲೆ ಫೋಮು.
ಬೆಲ್ಟಿನ ಕಿರಿಕಿರಿ ಹೋಯಿತು. ಗೇರಿನ ಸಿಳ್ಳು ಹೋಯಿತು.
ಆ ದಪ್ಪ ದನಿ ಮಾತ್ರ
ಸೊಳ್ಳೆಪರದೆ ಹರಿದುಕೊಂಡು ಬಂದ ಎಮ್ಮೆಯ ಹಾಗೆ
ಬಂದು ಸೀಟಿನ ಮೇಲೆ ಕೂತಿತು.

ಅಳೆದೆ. ಸೆಕೆಂಡಿಗೆ ಎಂಬತ್ತೈದು ಬಡಿತ.
ಒಂದೊಂದು ಅಲೆ ಹದಿಮೂರು ಫೂಟು.
ದ್ಯಾಮಣ್ಣನ ಕ್ಯಾಬಿನ್ನು ಐದು ಫೂಟು.
ಇವನನ್ನು ಅರಳಿಯಿಂದ ತಡೆಯಬೇಕೆಂದರೆ
ಮೂರು ಫೂಟು ದಪ್ಪದ ಗಾದಿ ಬೇಕು.
ಆಮೇಲೆ ದ್ಯಾಮಣ್ಣ ಎಲ್ಲಿ ಕೂಡಬೇಕು?

ಬೇಕಾದದ್ದು ಗಾದಿಯಲ್ಲ, ಓಣಿ.
ಮೂರು ಫೂಟು ಮೂರಿಂಚು ಉದ್ದದ ಓಣಿ, ಕೊನೆಗೆ ಗೋಡೆ.
ಒಳಹೊಕ್ಕ ದನಿ ಗೋಡೆಗೆ ಬಡಿದು ಹೊಳ್ಳಿ ಬರುವಾಗ
ಬಾಗಿಲಲ್ಲಿ ತನ್ನನ್ನೇ ಎದುರುಗೊಳ್ಳಬೇಕು,
ಇದು ಏಳುವಾಗ ಅದು ಬೀಳಬೇಕು.

ಆ ಓಣಿಯನ್ನು ಮಡಚಿದೆ,
ಹಳೇ ಹುಬ್ಬಳ್ಳಿಯ ಅಜ್ಜಿಮನೆಯ ದಾರಿ ನೆನೆದು ಮಡಚಿದೆ:
ಗಿರಣಿಯ ಹತ್ತಿರ ಎಡಕ್ಕೆ, ಬಾವಿಯ ಹತ್ತಿರ ಹೊಳ್ಳಿ,
ಕುಲುಮೆ ಬಂದರೆ ಮತ್ತೆ ಹೊಳ್ಳಿ, ಒಟ್ಟು ಏಳು ತಿರುವು.
ಆ ಓಣಿಗೆ ಹೊಕ್ಕ ಬೀಗರು
ಅರ್ಧ ತಾಸಿಗೆ ಹೊಕ್ಕಲ್ಲೇ ಹೊರಬೀಳುತ್ತಿದ್ದರು, ಬೆವೆತು, ಮಾತಿಲ್ಲದೆ.
ತಗಡಿನ ಡಬ್ಬಿ, ಬುತ್ತಿಗಂಟಿನಷ್ಟು.
ಸೀಟಿನ ಕೆಳಗೆ ಆರು.

ಗದಗ ರೋಡಿನಲ್ಲಿ ನಾನೇ ಪಕ್ಕಕ್ಕೆ ಕೂತೆ.
ನಲವತ್ತರ ವೇಗದಲ್ಲಿ ದನಿ ಹೋಯಿತು,
ನಲವತ್ತೈದಕ್ಕೆ ಬಂತು.
ಒಂದೇ ಪ್ರಶ್ನೆ ಓದಿಕೊಂಡು ಪರೀಕ್ಷೆಗೆ ಹೋದ ಹುಡುಗನ ಹಾಗೆ
ನನ್ನ ಡಬ್ಬಿ.

ರಾತ್ರಿ ಅಪ್ಪ ಡಬ್ಬಿಯ ಬಾಯಿಗೆ ಬೆರಳಾಡಿಸಿ ನೋಡಿದ.
"ಭಾಳ ಬಿರಸು ಐತಿ ಬಾಯಿ. ತುಸು ಮೆತ್ತಗ ಮಾಡು."
ಅಂಗಿಯ ತೋಳಿಗೆ ಅಂಟಿದ್ದ ಅರಳಿ ಚಿವುಟಿ
ಒಳಗೆ ತುರುಕಿದ.
"ಅರಳಿ ನಡಿಯೂದಿಲ್ಲಪಾ, ನೋಡೇನಿ" ಎಂದೆ,
ಅವನ ತಪ್ಪು ತೋರಿಸಲೆಂದೇ ಮರುದಿನ ಅಳೆದೆ.

ಮುಳ್ಳಿನ ಹಾಗೆ ನೆಟ್ಟಗೆ ನಿಂತಿದ್ದ ಗೆರೆ
ಗಿಡ್ಡಾಗಿ, ಅಗಲಾಗಿ, ದಿಬ್ಬವಾಗಿ ಕೂತಿತ್ತು.
ಎಪ್ಪತ್ತಾರರಿಂದ ತೊಂಬತ್ತನಾಲ್ಕರ ತನಕ
ಆಚೀಚೆಯ ದನಿಯೆಲ್ಲ ಅದಕ್ಕೆ ಸಿಕ್ಕಿತ್ತು, ಅರ್ಧಂಬರ್ಧ.
ಮೂರು ಸಲ ಅಳೆದೆ. ಅಪ್ಪನಿಗೆ ಹೇಳಲು
ಎಂಟು ದಿನ ಬೇಕಾಯಿತು.

ಈಗ ದ್ಯಾಮಣ್ಣನಿಗೆ
ಬದನೆಕಾಯಿಯ ಬುಟ್ಟಿ ಜರುಗುವುದು ಕೇಳಿಸುತ್ತದೆ,
ಡ್ಯಾಶಿನೊಳಗೆ ಎಂದೋ ಬಿದ್ದ ಎರಡು ರೂಪಾಯಿ ಉರುಳುವುದು.
ಆದರೂ ವಾರದಲ್ಲೇ ತಿರುಗಿ ಬಂದ:
"ಗೇರ ಯಾವಾಗ ಹಾಕಬೇಕು ತಿಳೀವಲ್ದು ತಂಗಿ,
ಅದ ಹೇಳತಿತ್ತು. ಸ್ವಲ್ಪ ಹೊಳ್ಳಿ ಕೊಡು."
ಒಂದು ಡಬ್ಬಿ ಕಿತ್ತು ಕೊಟ್ಟೆ.

ಅದರಲ್ಲಿ ಅಪ್ಪ ದಬ್ಬಣ ಇಟ್ಟುಕೊಂಡಿದ್ದಾನೆ.
ಹಿಂಜಲಿಕ್ಕೆ ಮಷಿನ್ನು ಬಂದು, ಬಿಲ್ಲು ಮೊಳೆಗೆ ತೂಗುತ್ತದೆ.
ರಸ್ತೆಯಲ್ಲಿ ದೊಡ್ಡ ಲಾರಿ ಹೋದಾಗ
ಯಾರೂ ಮುಟ್ಟದ ನರ ತಾನೇ ಗುಂಯ್‌ಗುಡುತ್ತದೆ.
ಅಪ್ಪ ತಲೆ ಎತ್ತದೆ ಕೈ ಚಾಚಿ
ಹೆಬ್ಬೆರಳು ಒತ್ತುತ್ತಾನೆ.